ರಿಸೆಟ್ ಬಟನ್ ದುರಸ್ತಿಯಲ್ಲ

ನಮ್ಮ ಕಾರ್ಖಾನೆಗಳಲ್ಲಿ ಒಂದು ರೂಢಿ ಬೇರುಬಿಟ್ಟಿದೆ. ಡ್ರೈವ್ ಮೇಲೆ ಓಡುವ ಮೋಟರ್ ಬಿಸಿಯಾಗಿ ಟ್ರಿಪ್ ಆದರೆ ರಿಸೆಟ್ ಒತ್ತುವುದು. ಮತ್ತೆ ಟ್ರಿಪ್ ಆದರೆ ಓವರ್‌ಲೋಡ್ ಮಿತಿಯನ್ನು ಸ್ವಲ್ಪ ಏರಿಸುವುದು. ಅದಕ್ಕೂ ಬಗ್ಗದಿದ್ದರೆ ಮೋಟರ್ ರಕ್ಷಣೆಯ ಪ್ಯಾರಾಮೀಟರನ್ನೇ ಆಫ್ ಮಾಡುವುದು. ಕೊನೆಗೊಂದು ದಿನ ವೈಂಡಿಂಗ್ ಸುಟ್ಟಾಗ ಮೋಟರನ್ನು ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಕಳಿಸಿ, ‘ಡ್ರೈವ್ ಹಾಕಿದ ಮೇಲೆ ಮೋಟರ್ ಬಾಳೋದಿಲ್ಲ’ ಎಂದು ತೀರ್ಪು ಕೊಡುವುದು. ಪೀಣ್ಯದ ವರ್ಕ್‌ಶಾಪುಗಳಲ್ಲಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇದೇ ಮಾತು ಅನುಭವದ ಮಾತೆಂದು ಚಲಾವಣೆಯಲ್ಲಿದೆ. ಹೊಸದಾಗಿ ಐಟಿಐ ಮುಗಿಸಿ ಬಂದ ಹುಡುಗ ಮೊದಲ ತಿಂಗಳಲ್ಲೇ ಇದನ್ನು ಕಲಿಯುತ್ತಾನೆ. ಕಲಿಸುವವರೂ ಹೀಗೆಯೇ ಕಲಿತವರು.

ಈ ರೂಢಿ ಮೊದಲಿನಿಂದ ಕೊನೆಯವರೆಗೆ ತಪ್ಪು ಎಂಬುದು ನನ್ನ ವಾದ. ಮೋಟರ್ ಬಿಸಿಯಾಗಲು ಇರುವುದು ಎರಡೇ ದಾರಿ. ಒಳಗೆ ಹುಟ್ಟುವ ಶಾಖ ಹೆಚ್ಚಿರಬೇಕು, ಇಲ್ಲವೇ ಹುಟ್ಟಿದ ಶಾಖ ಹೊರಗೆ ಹೋಗದೆ ಉಳಿದಿರಬೇಕು. ಎರಡರಲ್ಲಿ ಯಾವುದು, ಯಾಕೆ ಎಂದು ಕೇಳದೆ ಮಾಡುವ ಯಾವ ಕೆಲಸಕ್ಕೂ ದುರಸ್ತಿ ಎಂಬ ಹೆಸರು ಸಲ್ಲದು. ರಿಸೆಟ್, ಮಿತಿ ಏರಿಕೆ, ರಿವೈಂಡಿಂಗ್ ಮೂರೂ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಉತ್ತರ ಕೊಡಬಲ್ಲ ಗುರುತುಗಳನ್ನೇ ಅವು ಅಳಿಸಿಹಾಕುತ್ತವೆ.

ಈ ರೂಢಿಯ ಪರವಾಗಿ ಹೇಳುವ ಮೊದಲ ಮಾತು ಎಲ್ಲರಿಗೂ ಪರಿಚಿತ: ‘ಆಂಪಿಯರ್ ನೋಡಿದೀನಿ ಸಾರ್, ನೇಮ್‌ಪ್ಲೇಟಿಗಿಂತ ಕಡಿಮೆನೇ ಇದೆ. ಮೋಟರ್‌ಗೆ ಏನೂ ಆಗಿಲ್ಲ, ಟ್ರಿಪ್ಪೇ ಸುಳ್ಳು.’ ಈ ಒಂದು ವಾಕ್ಯ ಸುಟ್ಟಷ್ಟು ಮೋಟರುಗಳನ್ನು ಬೇರೇನೂ ಸುಟ್ಟಿಲ್ಲವೆಂದೇ ನಾನು ನಂಬಿದ್ದೇನೆ. ಆದ್ದರಿಂದ ಇದನ್ನೇ ಮೊದಲು ಬಿಡಿಸಿ ನೋಡೋಣ.

ಆ ಆಂಪಿಯರನ್ನು ಎಲ್ಲಿ ಅಳೆದರು? ಹಲವು ಸಲ ಟಾಂಗ್ ಟೆಸ್ಟರ್ ಬಿದ್ದಿರುವುದು ಪ್ಯಾನೆಲ್ಲಿಗೆ ಒಳಬರುವ ಕೇಬಲ್ಲಿನ ಮೇಲೆ. ಹಳೆಯ ಸ್ಟಾರ್ಟರಿನ ಕಾಲದಲ್ಲಿ ಅದು ಸರಿಯಾಗಿತ್ತು, ಏಕೆಂದರೆ ಒಳಬಂದ ಕರೆಂಟೇ ಮೋಟರಿಗೂ ಹೋಗುತ್ತಿತ್ತು. ಡ್ರೈವ್ ಹಾಗಲ್ಲ. ಅದು ಒಳಬಂದ ಎಸಿಯನ್ನು ಡಿಸಿ ಮಾಡಿ, ಮತ್ತೆ ಬೇಕಾದ ವೋಲ್ಟೇಜು, ಬೇಕಾದ ಫ್ರೀಕ್ವೆನ್ಸಿಯ ಎಸಿ ಮಾಡಿ ಕೊಡುತ್ತದೆ. ಒಳಬರುವ ಕರೆಂಟು ಮೋಟರ್ ಬಳಸುವ ಪವರನ್ನು ಅನುಸರಿಸುತ್ತದೆ, ಹೊರಹೋಗುವ ಕರೆಂಟು ಮೋಟರ್ ಕೊಡುವ ಟಾರ್ಕನ್ನು ಅನುಸರಿಸುತ್ತದೆ. ನಿಧಾನ ವೇಗದಲ್ಲಿ ಭಾರ ಎಳೆಯುವ ಮೋಟರಿಗೆ ಪವರ್ ಕಡಿಮೆ ಸಾಕು, ಟಾರ್ಕ್ ಮಾತ್ರ ಪೂರ್ತಿ ಬೇಕು. ಹಾಗಾಗಿ ಒಳಗಿನ ಕೇಬಲ್ಲಿನಲ್ಲಿ ಅಲ್ಪ ಕರೆಂಟ್ ಕಾಣುವ ಹೊತ್ತಿಗೇ ಮೋಟರಿನ ಕೇಬಲ್ಲಿನಲ್ಲಿ ಪೂರ್ತಿ ಕರೆಂಟ್ ಹರಿಯುತ್ತಿರುತ್ತದೆ. ಹೊರಗಿನ ಕೇಬಲ್ಲಿನಲ್ಲಿ ಅಳೆದರೂ ಮೀಟರ್ ಟ್ರೂ ಆರ್‌ಎಂಎಸ್ ಆಗಿರಬೇಕು, ಡ್ರೈವಿನ ಕತ್ತರಿಸಿದ ಅಲೆಯನ್ನು ಸೋಸುವ ಲೋ ಪಾಸ್ ಫಿಲ್ಟರ್ ಅದರಲ್ಲಿರಬೇಕು. ಸಾಧಾರಣ ಮೀಟರಿನ ಅಂಕಿಯನ್ನು ನಂಬಿ ಟ್ರಿಪ್ಪನ್ನು ಸುಳ್ಳೆನ್ನುವವರು ಡ್ರೈವಿನ ಪರದೆಯ ಮೇಲೇ ಇರುವ ಔಟ್‌ಪುಟ್ ಕರೆಂಟನ್ನು ಮೊದಲು ಓದಲಿ.

ಆಂಪಿಯರ್ ನಿಜಕ್ಕೂ ಮಿತಿಯಲ್ಲೇ ಇದೆ ಎಂದುಕೊಳ್ಳೋಣ. ಆಗಲೂ ಮೋಟರ್ ಸುಡಬಹುದು. ಸಾಮಾನ್ಯ ಇಂಡಕ್ಷನ್ ಮೋಟರಿನ ಫ್ಯಾನು ಅದರ ಶಾಫ್ಟಿನ ಹಿಂತುದಿಯಲ್ಲೇ ಕೂತಿರುತ್ತದೆ. ತಾಂತ್ರಿಕ ಮಾನಕಗಳಲ್ಲಿ ಈ ವ್ಯವಸ್ಥೆಗೆ ಐಸಿ 411 ಎಂದು ಹೆಸರು. ಮೋಟರ್ ಎಷ್ಟು ಸುತ್ತುತ್ತದೋ ಫ್ಯಾನೂ ಅಷ್ಟೇ ಸುತ್ತುತ್ತದೆ. 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1440 ಸುತ್ತು ಹೊಡೆಯುವ ಮೋಟರನ್ನು 15 ಹರ್ಟ್ಸ್‌ಗೆ ಇಳಿಸಿದರೆ ಅದು ಸುಮಾರು 430 ಸುತ್ತಿಗೆ ಬರುತ್ತದೆ, ಬೀಸುವ ಗಾಳಿ ಮೂರನೇ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಆದರೆ ಕನ್ವೇಯರ್, ಸ್ಕ್ರೂ ಫೀಡರ್, ಪ್ಲಾಸ್ಟಿಕ್ ಎಕ್ಸ್‌ಟ್ರೂಡರ್‌ಗಳಿಗೆ ನಿಧಾನವಾಗಿ ಓಡಿದರೂ ಹೆಚ್ಚುಕಡಿಮೆ ಅಷ್ಟೇ ಟಾರ್ಕ್ ಬೇಕು. ಟಾರ್ಕ್ ಅಷ್ಟೇ ಎಂದರೆ ಕರೆಂಟ್ ಅಷ್ಟೇ, ತಾಮ್ರದಲ್ಲಿ ಹುಟ್ಟುವ ಶಾಖವೂ ಅಷ್ಟೇ. ಹೊರಹಾಕುವ ಗಾಳಿ ಮಾತ್ರ ಇಲ್ಲ. ನೇಮ್‌ಪ್ಲೇಟಿನ ಕರೆಂಟ್ ನೇಮ್‌ಪ್ಲೇಟಿನ ವೇಗಕ್ಕಷ್ಟೇ ಕೊಟ್ಟ ಅನುಮತಿ. 15 ಹರ್ಟ್ಸ್‌ನಲ್ಲಿ ಅದೇ ಕರೆಂಟನ್ನು ದಿನವಿಡೀ ಹೊರಿಸಲು ಆ ತಗಡಿನ ಮೇಲೆ ಯಾರೂ ಒಪ್ಪಿಗೆ ಬರೆದಿಲ್ಲ.

ಸೆಂಟ್ರಿಫ್ಯೂಗಲ್ ಪಂಪು, ಬ್ಲೋವರುಗಳ ಕಥೆ ಬೇರೆ. ಅವು ಅರ್ಧ ವೇಗದಲ್ಲಿ ಕೇಳುವ ಟಾರ್ಕ್ ಸುಮಾರು ಕಾಲು ಭಾಗ. ಗಾಳಿ ಕಡಿಮೆಯಾದರೂ ಶಾಖ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಅದಕ್ಕೇ ಒಂದೇ ಕಾರ್ಖಾನೆಯಲ್ಲಿ, ಒಂದೇ ಕಂಪನಿಯ ಡ್ರೈವಿನ ಮೇಲೆ, ಪಂಪಿನ ಮೋಟರ್ ವರ್ಷಗಟ್ಟಲೆ ತಣ್ಣಗೆ ಓಡುತ್ತಿದ್ದರೆ ಕನ್ವೇಯರಿನ ಮೋಟರ್ ಪದೇ ಪದೇ ಸುಡುತ್ತದೆ. ‘ಡ್ರೈವ್ ಮೋಟರನ್ನು ಸುಡುತ್ತದೆ’ ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಎರಡೂ ಕಡೆ ಡ್ರೈವ್ ಒಂದೇ, ಲೋಡು ಬೇರೆ.

ಪರಿಹಾರಗಳೂ ಗೊತ್ತಿರುವಂಥವೇ. ಬೇರೆ ಸಪ್ಲೈನಿಂದ ಓಡುವ ಬ್ಲೋವರ್ ಕೂರಿಸುವುದು ಒಂದು. ಮಾನಕಗಳಲ್ಲಿ ಅದು ಐಸಿ 416. ಗೇರ್‌ಬಾಕ್ಸಿನ ಅನುಪಾತ ಬದಲಿಸಿ, ಯಂತ್ರ ನಿಧಾನವಾಗಿಯೇ ಓಡಿದರೂ ಮೋಟರ್ ವೇಗವಾಗಿ ಸುತ್ತುವಂತೆ ಮಾಡುವುದು ಇನ್ನೊಂದು. ಈ ಎರಡನೆಯದನ್ನು ಯಾರೂ ಯೋಚಿಸುವುದೇ ಇಲ್ಲ, ಏಕೆಂದರೆ ಅದು ಮೆಕ್ಯಾನಿಕಲ್ ವಿಭಾಗದ ಕೆಲಸ, ಟ್ರಿಪ್ ಎಲೆಕ್ಟ್ರಿಕಲ್ ವಿಭಾಗದ ತಲೆನೋವು. ಬ್ಲೋವರ್ ಹಾಕಿದ ಕಡೆಯೂ ಅದು ಓಡುತ್ತಿದೆಯೇ, ಸರಿಯಾದ ದಿಕ್ಕಿಗೆ ಸುತ್ತುತ್ತಿದೆಯೇ ಎಂದು ನೋಡಬೇಕು. ಅದರ ವೈರನ್ನು ಡ್ರೈವಿನ ಔಟ್‌ಪುಟ್ಟಿಗೇ ಜೋಡಿಸಿದ್ದರೆ ಮೋಟರಿನ ಜೊತೆಗೇ ಬ್ಲೋವರೂ ನಿಧಾನವಾಗುತ್ತದೆ, ಹಾಕಿಸಿದ ಉದ್ದೇಶವೇ ಹಾಳಾಗುತ್ತದೆ.

ಆಂಪಿಯರನ್ನು ಕುರುಡಾಗಿ ನಂಬುವುದಕ್ಕೆ ಇನ್ನೊಂದು ಶಿಕ್ಷೆಯಿದೆ. ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರ್ ತೆಗೆದು ಡ್ರೈವ್ ಹಾಕುವಾಗ ಮೋಟರಿನ ಟರ್ಮಿನಲ್ ಬಾಕ್ಸಿನಲ್ಲಿ ಲಿಂಕುಗಳನ್ನು ಹೊಸದಾಗಿ ಕೂರಿಸಬೇಕಾಗುತ್ತದೆ. 415 ವೋಲ್ಟ್ ಡೆಲ್ಟಾ ಮೋಟರನ್ನು ತಪ್ಪಿ ಸ್ಟಾರ್‌ನಲ್ಲಿ ಕಟ್ಟಿದರೆ ಪ್ರತಿ ಸುರುಳಿಗೂ ಸಿಗುವುದು 240 ವೋಲ್ಟ್. ಮೋಟರಿನ ಎಳೆಯುವ ಸಾಮರ್ಥ್ಯ ಮೂರನೇ ಒಂದಕ್ಕೆ ಕುಸಿಯುತ್ತದೆ. ಆದರೂ ಲೋಡು ಹಗುರವಿದ್ದರೆ ಅದು ಓಡುತ್ತದೆ. ನೇಮ್‌ಪ್ಲೇಟಿನಲ್ಲಿ ಬರೆದಿರುವ ಕರೆಂಟ್ ಡೆಲ್ಟಾ ಜೋಡಣೆಯದು. ಡೆಲ್ಟಾದಲ್ಲಿ ಲೈನ್ ಕರೆಂಟಿನ ಸುಮಾರು ಶೇ. 58 ಮಾತ್ರ ಸುರುಳಿಯೊಳಗೆ ಹರಿಯುತ್ತದೆ. ಸ್ಟಾರ್‌ನಲ್ಲಿ ಲೈನಿನ ಕರೆಂಟೆಲ್ಲ ಸುರುಳಿಯೊಳಗೇ ಹೋಗುತ್ತದೆ. ಹೀಗಾಗಿ ಮೀಟರ್ ನೇಮ್‌ಪ್ಲೇಟಿನ ಶೇ. 70 ತೋರಿಸುತ್ತಿರುವಾಗಲೇ ಸುರುಳಿ ತನ್ನ ಮಿತಿಯ ಶೇ. 121 ಹೊತ್ತಿರುತ್ತದೆ. ಡ್ರೈವಿಗೂ ಇದು ತಿಳಿಯುವುದಿಲ್ಲ, ಅದಕ್ಕೆ ಕೊಟ್ಟಿರುವ ಅಂಕಿ ಡೆಲ್ಟಾದ್ದು. ಆಂಪಿಯರ್ ಕಡಿಮೆ, ಮೋಟರ್ ಕಪ್ಪು. ಟರ್ಮಿನಲ್ ಬಾಕ್ಸಿನ ಮುಚ್ಚಳ ತೆಗೆದು ನೋಡಿದ್ದರೆ ಉಳಿಯುತ್ತಿದ್ದ ಮೋಟರ್ ಅದು.

ಎರಡನೆಯ ವಾದ: ‘ಡ್ರೈವ್ ತುಂಬಾ ಸೆನ್ಸಿಟಿವ್, ಸುಮ್ಮಸುಮ್ಮನೆ ಟ್ರಿಪ್ ಆಗತ್ತೆ.’ ಹೀಗೆನ್ನುವವರನ್ನು ಪರದೆಯ ಮೇಲೆ ಯಾವ ಕೋಡ್ ಬಂದಿತ್ತು ಎಂದು ಕೇಳಿ. ಬಹಳ ಸಲ ಉತ್ತರವಿರುವುದಿಲ್ಲ, ‘ಓವರ್‌ಹೀಟ್ ಅಂತ ಏನೋ ಬಂತು’ ಎನ್ನುತ್ತಾರೆ. ಆದರೆ ತಯಾರಕರು ಈ ಭೇದವನ್ನು ಸ್ಪಷ್ಟವಾಗಿ ಮಾಡಿಟ್ಟಿದ್ದಾರೆ. ಮಿತ್ಸುಬಿಷಿ ಡ್ರೈವಿನಲ್ಲಿ ‘ಇ.ಟಿಎಚ್‌ಎಂ’ ಮೋಟರಿನ ಓವರ್‌ಲೋಡು, ‘ಇ.ಟಿಎಚ್‌ಟಿ’ ಡ್ರೈವಿನದೇ ಓವರ್‌ಲೋಡು. ಯಾಸ್ಕಾವಾದಲ್ಲಿ ‘ಓಎಲ್1’ ಮೋಟರಿನದು, ‘ಓಎಲ್2’ ಡ್ರೈವಿನದು. ಡ್ಯಾನ್‌ಫಾಸ್‌ನ ವಿಎಲ್‌ಟಿ ಸಾಲಿನಲ್ಲಿ ಅಲಾರಂ 9 ಇನ್ವರ್ಟರಿನ ಓವರ್‌ಲೋಡು, 29 ಅದರ ಹೀಟ್ ಸಿಂಕಿನ ಬಿಸಿ. 10 ಮತ್ತು 11 ಮಾತ್ರ ಮೋಟರಿನ ಬಿಸಿ. ಪ್ಯಾನೆಲ್ಲಿನ ಫಿಲ್ಟರ್ ಕಟ್ಟಿಕೊಂಡು ಹೀಟ್ ಸಿಂಕ್ ಕಾದದ್ದಕ್ಕೆ ಮೋಟರ್ ಬಿಚ್ಚಿದರೆ ಅದು ಓದದೇ ಇದ್ದದ್ದರ ಫಲ.

ಅಲಾರಂ 10 ಮತ್ತು 11ರ ನಡುವಿನ ಅಂತರದಲ್ಲಿ ಅರ್ಧ ರೋಗನಿದಾನವೇ ಅಡಗಿದೆ. 10 ಎಂಬುದು ಲೆಕ್ಕ: ಕರೆಂಟು, ವೇಗ, ಕಾಲವನ್ನು ನೋಡಿ ವೈಂಡಿಂಗ್ ಇಷ್ಟು ಬಿಸಿಯಾಗಿರಬೇಕೆಂದು ಡ್ರೈವ್ ಕಟ್ಟುವ ಅಂದಾಜು. 11 ಎಂಬುದು ಅಳತೆ: ವೈಂಡಿಂಗಿನೊಳಗೆ ಹುದುಗಿಸಿಟ್ಟ ಥರ್ಮಿಸ್ಟರ್ ಹೇಳುವ ಮಾತು. ಲೆಕ್ಕ ಬಿಸಿ ಎನ್ನುತ್ತದೆ, ಅಳತೆ ತಣ್ಣಗಿದೆ ಎನ್ನುತ್ತದೆ ಎಂದರೆ ಡ್ರೈವಿಗೆ ಕೊಟ್ಟ ಅಂಕಿಗಳನ್ನು ಪರೀಕ್ಷಿಸಬೇಕು. ಲೆಕ್ಕದ ಪ್ರಕಾರ ಎಲ್ಲ ಸರಿಯಿದ್ದು ಥರ್ಮಿಸ್ಟರ್ ಕೂಗುತ್ತಿದ್ದರೆ ತಂಪಾಗುವ ದಾರಿಯನ್ನು ಪರೀಕ್ಷಿಸಬೇಕು: ರೆಕ್ಕೆಗಳ ನಡುವೆ ತುಂಬಿದ ತೌಡು, ಮುರಿದ ಫ್ಯಾನು, ಗೋಡೆಗೆ ಒತ್ತಿಕೊಂಡ ಫ್ಯಾನ್ ಕವರು, ಬಾಯ್ಲರಿನ ಪಕ್ಕದ ಸೆಕೆ. ಥರ್ಮಿಸ್ಟರಿನ ವೈರೇ ಕಡಿದಿದ್ದರೂ ಅದೇ ಅಲಾರಂ ಬರುತ್ತದೆ, ಆದ್ದರಿಂದ ಅದನ್ನೂ ಅಳೆಯಬೇಕು. ಮೂರು ಪಿಟಿಸಿ ಥರ್ಮಿಸ್ಟರುಗಳ ಸರಣಿ ತಣ್ಣಗಿರುವಾಗ 750 ಓಮ್‌ಗಿಂತ ಕೆಳಗಿರಬೇಕು. ಇದನ್ನು ಮೆಗ್ಗರಿನಿಂದ ಎಂದೂ ಅಳೆಯಬಾರದು, ಥರ್ಮಿಸ್ಟರ್ ಹಾಳಾಗುತ್ತದೆ.

ಎರಡು ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಿ ಕೇಳುವ ಈ ಅವಕಾಶವನ್ನು ನಾವು ಕೈಯಾರೆ ಕಳೆದುಕೊಳ್ಳುತ್ತೇವೆ. ಮೋಟರಿನೊಳಗೆ ಥರ್ಮಿಸ್ಟರ್ ಇದ್ದರೂ ಅದರ ವೈರುಗಳು ಟರ್ಮಿನಲ್ ಬಾಕ್ಸಿನಲ್ಲಿ ಸುತ್ತಿ ಬಿದ್ದಿರುತ್ತವೆ. ಎರಡು ಎಳೆ ಕೇಬಲ್ಲಿನ ಖರ್ಚು ಉಳಿಸಲು ಅಷ್ಟು ಬೆಲೆಯ ಮೋಟರನ್ನು ಅಂದಾಜಿನ ಕೈಗೆ ಒಪ್ಪಿಸುವುದು ಮಿತವ್ಯಯವಲ್ಲ. ಒಂದೇ ಡ್ರೈವಿನ ಮೇಲೆ ನಾಲ್ಕು ಮೋಟರ್ ಓಡಿಸುವ ಕಡೆಯಂತೂ ಡ್ರೈವಿಗೆ ಕಾಣುವುದು ನಾಲ್ಕರ ಒಟ್ಟು ಕರೆಂಟು ಮಾತ್ರ. ಒಂದು ಮೋಟರ್ ಸುಡುತ್ತಿದ್ದು ಮೂರು ಹಗುರವಾಗಿದ್ದರೆ ಅದಕ್ಕೆ ಎಲ್ಲವೂ ಸರಿ ಅನ್ನಿಸುತ್ತದೆ. ಅಂಥಲ್ಲಿ ಪ್ರತಿ ಮೋಟರಿಗೂ ಪ್ರತ್ಯೇಕ ಓವರ್‌ಲೋಡ್ ರಿಲೇ ಅಥವಾ ಥರ್ಮಿಸ್ಟರ್ ಇಲ್ಲದಿದ್ದರೆ ರಕ್ಷಣೆಯೇ ಇಲ್ಲ.

ಲೆಕ್ಕಕ್ಕೆ ಕೊಟ್ಟ ಅಂಕಿ ತಪ್ಪಾಗುವ ಬಗೆಗಳೂ ಕೆಲವೇ, ನೋಡಿದರೆ ಸಿಗುವಂಥವೇ. ನೇಮ್‌ಪ್ಲೇಟಿನ ಕರೆಂಟ್ ತುಂಬದೆ ಕಾರ್ಖಾನೆಯ ಡೀಫಾಲ್ಟ್ ಅಂಕಿಯನ್ನೇ ಬಿಟ್ಟಿರುವುದು ಮೊದಲನೆಯದು. ಬೇಸ್ ಫ್ರೀಕ್ವೆನ್ಸಿ 60 ಹರ್ಟ್ಸ್ ಎಂದೇ ಉಳಿದಿರುವುದು ಎರಡನೆಯದು. ಆಗ 415 ವೋಲ್ಟ್ ಸಿಗುವುದು 60 ಹರ್ಟ್ಸ್‌ಗೆ, 50 ಹರ್ಟ್ಸ್‌ನಲ್ಲಿ ಮೋಟರಿಗೆ ತಲುಪುವುದು 346 ವೋಲ್ಟ್ ಮಾತ್ರ, ಅದೇ ಭಾರಕ್ಕೆ ಹೆಚ್ಚು ಕರೆಂಟ್ ಎಳೆಯಬೇಕಾಗುತ್ತದೆ. ಟಾರ್ಕ್ ಬೂಸ್ಟ್ ಅತಿಯಾಗಿರುವುದು ಮೂರನೆಯದು. ಯಾರೋ ಒಮ್ಮೆ ಸ್ಟಾರ್ಟ್ ಆಗಲಿಲ್ಲವೆಂದು ಏರಿಸಿರುತ್ತಾರೆ. ನಿಧಾನ ವೇಗದಲ್ಲಿ ಆ ಹೆಚ್ಚುವರಿ ವೋಲ್ಟೇಜು ಕೋರನ್ನು ಸ್ಯಾಚುರೇಟ್ ಮಾಡುತ್ತದೆ, ಲೋಡೇ ಇಲ್ಲದಿದ್ದರೂ ಮೋಟರ್ ಕಾಯುತ್ತದೆ. ಕಪ್ಲಿಂಗ್ ಬಿಚ್ಚಿ 5 ಹರ್ಟ್ಸ್‌ನಲ್ಲಿ ಓಡಿಸಿದಾಗಲೂ ಕರೆಂಟ್ ಎತ್ತರದಲ್ಲೇ ಇದ್ದರೆ ಮೊದಲ ಅನುಮಾನ ಬೂಸ್ಟಿನ ಮೇಲೆ. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮೋಟರಿಗೆ ಸ್ವಂತ ಫ್ಯಾನೋ, ಪ್ರತ್ಯೇಕ ಬ್ಲೋವರೋ ಎಂದು ಡ್ರೈವ್ ಕೇಳುತ್ತದೆ. ಡ್ಯಾನ್‌ಫಾಸ್‌ನಲ್ಲಿ ಅದು 1-91, ಸೀಮೆನ್ಸ್‌ನ ಸಿನಾಮಿಕ್ಸ್‌ನಲ್ಲಿ ಪಿ0335. ಬ್ಲೋವರ್ ಇಲ್ಲದೆಯೂ ಇದೆ ಎಂದು ತುಂಬಿದರೆ ಟ್ರಿಪ್ ನಿಲ್ಲುತ್ತದೆ. ಡ್ರೈವಿಗೆ ಸುಳ್ಳು ಹೇಳಿ ಪಡೆದ ಆ ಮೌನದಲ್ಲಿ ವೈಂಡಿಂಗ್ ಬೇಯುತ್ತಿರುತ್ತದೆ.

ಇನ್ನು ಮಿತಿ ಏರಿಸುವ ಮದ್ದು. ‘ಹತ್ತು ಪರ್ಸೆಂಟ್ ತಾನೇ’ ಎನ್ನುತ್ತಾರೆ. ತಾಮ್ರದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ. ಕರೆಂಟ್ ಶೇ. 10 ಏರಿದರೆ ಆ ಶಾಖ ಶೇ. 21 ಏರುತ್ತದೆ, ಶೇ. 20 ಏರಿದರೆ ಶೇ. 44. ಎಫ್ ದರ್ಜೆಯ ನಿರೋಧಕದ ಮಿತಿ 155 ಡಿಗ್ರಿ, ಅದೂ ಸುತ್ತಲಿನ ಗಾಳಿ 40 ಡಿಗ್ರಿ ಮೀರದು ಎಂಬ ಎಣಿಕೆಯ ಮೇಲೆ. ರಾಯಚೂರು, ಕಲಬುರಗಿಯ ಬೇಸಿಗೆ ಆ 40ನ್ನು ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಅಂದರೆ ಸ್ವಿಚ್ ಹಾಕುವ ಮೊದಲೇ ಮೋಟರಿನ ಉಳಿತಾಯ ಖರ್ಚಾಗಿದೆ. ಸುಮಾರು 10 ಡಿಗ್ರಿ ಹೆಚ್ಚಿದರೆ ನಿರೋಧಕದ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕಸುಬಿನಲ್ಲಿ ಬಹುಕಾಲದಿಂದ ಒಪ್ಪಿರುವ ಸೂತ್ರ. ಮಿತಿ ಏರಿಸಿದ ದಿನ ಮೋಟರ್ ಸುಡುವುದಿಲ್ಲ, ಆದ್ದರಿಂದಲೇ ಏರಿಸಿದ್ದು ಸರಿ ಅನ್ನಿಸುತ್ತದೆ. ತಿಂಗಳುಗಳ ನಂತರ ಸುಟ್ಟಾಗ ಆ ದಿನದ ನೆನಪು ಯಾರಿಗೂ ಇರುವುದಿಲ್ಲ. ರಿಸೆಟ್ಟೂ ಅಷ್ಟೇ ಅಪಾಯಕಾರಿ. ಕೆಲವು ಡ್ರೈವುಗಳಲ್ಲಿ ರಿಸೆಟ್ ಒತ್ತಿದರೆ ಅಥವಾ ಪವರ್ ತೆಗೆದು ಹಾಕಿದರೆ ಅದುವರೆಗಿನ ಶಾಖದ ಲೆಕ್ಕವೇ ಸೊನ್ನೆಗೆ ಬರುತ್ತದೆ. ವೈಂಡಿಂಗ್ ಮಾತ್ರ ಇನ್ನೂ ಕಾದೇ ಇರುತ್ತದೆ. ಐದು ಸಲ ರಿಸೆಟ್ ಮಾಡಿದವನು ಕಾದ ಮೋಟರನ್ನು ಐದು ಸಲ ತಣ್ಣನೆಯದೆಂದು ನಂಬಿಸಿ ಓಡಿಸಿದ್ದಾನೆ.

‘ಡ್ರೈವಿನ ಕರೆಂಟೇ ಶುದ್ಧವಲ್ಲ’ ಎಂಬ ಮೂರನೆಯ ವಾದದಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಒಪ್ಪಬೇಕು. ಡ್ರೈವಿನ ಅಲೆಯಲ್ಲಿರುವ ಹಾರ್ಮೋನಿಕ್ಸ್ ಮೋಟರಿನಲ್ಲಿ ಒಂದಿಷ್ಟು ಹೆಚ್ಚುವರಿ ಶಾಖ ಹುಟ್ಟಿಸುತ್ತದೆ, ಸ್ವಿಚಿಂಗ್ ಫ್ರೀಕ್ವೆನ್ಸಿ ತೀರ ಕಡಿಮೆಯಿಟ್ಟರೆ ಇನ್ನಷ್ಟು. ಉದ್ದದ ಕೇಬಲ್ಲಿನ ತುದಿಯಲ್ಲಿ ವೋಲ್ಟೇಜ್ ಪುಟಿದು, ಸುಮಾರು 560 ವೋಲ್ಟಿನ ಡಿಸಿ ಬಸ್ಸಿನ ಎರಡರಷ್ಟರ ಹತ್ತಿರ ಹೋಗಬಲ್ಲದು. ಆದರೆ ಈ ಎರಡನೆಯ ಏಟು ನಿರೋಧಕವನ್ನು ತೂತು ಮಾಡುವಂಥದ್ದು, ಮೋಟರನ್ನು ಕಾಯಿಸುವಂಥದ್ದಲ್ಲ. ಸುಟ್ಟ ವೈಂಡಿಂಗನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೂರೂ ಫೇಸಿನ ಸುರುಳಿಗಳು ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡು ಅಥವಾ ಗಾಳಿಯ ಕೊರತೆ. ಉಳಿದದ್ದೆಲ್ಲ ಹೊಸದರಂತಿದ್ದು ಒಂದೇ ಜಾಗದಲ್ಲಿ ತಾಮ್ರ ಕರಗಿದ್ದರೆ ಅಲ್ಲಿ ನಿರೋಧಕ ಮುರಿದಿದೆ, ವೋಲ್ಟೇಜಿನ ಏಟನ್ನು ಶಂಕಿಸಬೇಕು. ಕೇಬಲ್ಲಿನ ಉದ್ದ ನೋಡಿ ಫಿಲ್ಟರಿನ ಮಾತೆತ್ತುವುದು ಆಗ. ಒಂದು ಅಥವಾ ಎರಡು ಫೇಸಿನ ಸುರುಳಿಗಳು ಮಾತ್ರ ಸುಟ್ಟಿದ್ದರೆ ಫೇಸ್ ತಪ್ಪಿದ ಗುರುತು.

ಇಷ್ಟೆಲ್ಲ ಹೇಳಬಲ್ಲ ಸುಟ್ಟ ವೈಂಡಿಂಗನ್ನು ನಾವೇನು ಮಾಡುತ್ತೇವೆ? ನೋಡದೆ ಕಳಿಸುತ್ತೇವೆ. ರಿವೈಂಡಿಂಗ್ ಅಂಗಡಿಯವರು ಕಿತ್ತು ಗುಜರಿಗೆ ಹಾಕುತ್ತಾರೆ. ಹೊಸ ವೈಂಡಿಂಗ್ ಬರುತ್ತದೆ, ಹಳೆಯ ಕಾರಣ ಕಾರ್ಖಾನೆಯಲ್ಲೇ ಕಾದಿರುತ್ತದೆ. ಮೇಲಾಗಿ ಹಳೆಯ ತಂತಿ ಕೀಳಲು ಸ್ಟೇಟರನ್ನು ತಾಪದ ಹಿಡಿತವಿಲ್ಲದೆ ಬೆಂಕಿಗೆ ಒಡ್ಡಿದ್ದರೆ ಕೋರಿನ ತಗಡುಗಳ ನಡುವಿನ ನಿರೋಧಕವೂ ಹಾಳಾಗಿ ಮೋಟರ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಎರಡನೆಯ ಸಲ ಬೇಗ ಸುಡುತ್ತದೆ. ಆಗಲೂ ಬೈಗುಳ ಡ್ರೈವಿಗೇ.

ಮೋಟರಿನ ಮೈಮೇಲೆ ಕೈಯಿಟ್ಟು ಬಿಸಿ ತೀರ್ಮಾನಿಸುವ ಪದ್ಧತಿಯನ್ನೂ ಬಿಡಬೇಕು. 60 ಡಿಗ್ರಿಯ ಲೋಹದ ಮೇಲೆ ಕೈ ನಿಲ್ಲುವುದಿಲ್ಲ. ಎಫ್ ದರ್ಜೆಯ ಮೋಟರಿನ ಮೈ ಪೂರ್ತಿ ಲೋಡಿನಲ್ಲಿ ಅದಕ್ಕಿಂತ ಹೆಚ್ಚು ಬಿಸಿ ಇರುವುದು ಸಹಜ. ಇತ್ತ ಬೆರಳು ದಪ್ಪ ಧೂಳು ಹೊದ್ದ ಮೋಟರಿನ ಮೇಲೆ ಕೈಯಿಟ್ಟರೆ ತಿಳಿಯುವುದು ಧೂಳಿನ ತಾಪ. ನಿಜವಾದ ತಾಪ ಬೇಕಿದ್ದರೆ ವೈಂಡಿಂಗಿನ ರೆಸಿಸ್ಟೆನ್ಸ್ ಅಳೆಯಿರಿ. ತಣ್ಣಗಿರುವಾಗ ಒಮ್ಮೆ ಅಳೆದು ಬರೆದಿಡಬೇಕು. ಬಿಸಿಯಾದಾಗ ಮೋಟರ್ ನಿಲ್ಲಿಸಿ, ಪವರ್ ತೆಗೆದು ಬೀಗ ಹಾಕಿ, ಡ್ರೈವಿನ ಕೆಪಾಸಿಟರ್ ಇಳಿಯಲು ಅದರ ಮೇಲೆ ಬರೆದಷ್ಟು ನಿಮಿಷ ಕಾದು, ಕೇಬಲ್ ಬಿಡಿಸಿ, ತಡಮಾಡದೆ ಮತ್ತೆ ಅಳೆಯಬೇಕು. ತಾಮ್ರದ ಲೆಕ್ಕಕ್ಕೆ ಬೇಕಾದ ಸಂಖ್ಯೆ 234.5. 30 ಡಿಗ್ರಿಯಲ್ಲಿ 2.00 ಓಮ್ ಇದ್ದದ್ದು 2.60 ಆಗಿದ್ದರೆ 30ಕ್ಕೆ 234.5 ಕೂಡಿಸಿ 1.3ರಿಂದ ಗುಣಿಸಿ 234.5 ಕಳೆಯಿರಿ: ವೈಂಡಿಂಗಿನ ಸರಾಸರಿ ತಾಪ ಸುಮಾರು 109 ಡಿಗ್ರಿ. ಕಾಯುವ ನಿಮಿಷಗಳಲ್ಲಿ ಅದು ತುಸು ಇಳಿದಿರುತ್ತದೆ, ಓಡುವಾಗ ಇನ್ನೂ ಹೆಚ್ಚಿತ್ತು ಎಂದು ತಿಳಿಯಬೇಕು. ಹತ್ತನೇ ತರಗತಿಯ ಗಣಿತ ಸಾಕಾಗುವ ಈ ಲೆಕ್ಕವನ್ನು ಮಾಡದೆ ಸಾವಿರಾರು ರೂಪಾಯಿಯ ತೀರ್ಮಾನಗಳನ್ನು ಅಂಗೈಯಿಂದ ಮಾಡುತ್ತಿದ್ದೇವೆ.

ಕೊನೆಯ ವಾದವೇ ಎಲ್ಲಕ್ಕಿಂತ ಬಲವಾದದ್ದು: ‘ಇದನ್ನೆಲ್ಲ ನೋಡ್ತಾ ಕೂರೋಕೆ ಟೈಮ್ ಎಲ್ಲಿದೆ? ಲೈನ್ ನಿಲ್ಲಿಸೋ ಹಾಗಿಲ್ಲ.’ ಕಬ್ಬು ಅರೆಯುವ ಹಂಗಾಮಿನಲ್ಲಿ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ ಈ ಮಾತಿನ ಹಿಂದಿರುವ ಒತ್ತಡ ನಿಜವಾದದ್ದು. ಆದರೆ ಈ ವಾದ ರೂಢಿಯನ್ನು ಸಮರ್ಥಿಸುವುದಿಲ್ಲ, ಖಂಡಿಸುತ್ತದೆ. ಕೋಡ್ ಬರೆದುಕೊಳ್ಳುವುದು, ಔಟ್‌ಪುಟ್ ಕರೆಂಟು ಮತ್ತು ವೇಗ ಓದುವುದು, ಫ್ಯಾನ್ ಕವರಿನ ಮುಂದೆ ನಿಂತು ಗಾಳಿ ಬರುತ್ತಿದೆಯೇ ಎಂದು ನೋಡುವುದು: ಇವಕ್ಕೆ ಲೈನ್ ನಿಲ್ಲಿಸಬೇಕಿಲ್ಲ. ನಿಲ್ಲಿಸಬೇಕಾಗುವುದು ಮೋಟರ್ ಸುಟ್ಟಾಗ, ಅದೂ ನಾವು ಆರಿಸಿದ ಹೊತ್ತಿನಲ್ಲಲ್ಲ.

ತಪ್ಪನ್ನು ಎಲೆಕ್ಟ್ರಿಷಿಯನ್ನನ ತಲೆಗೆ ಕಟ್ಟುವುದೂ ಅನ್ಯಾಯ. ಡ್ರೈವಿನ ಮ್ಯಾನುಯಲ್ ಯಾರದೋ ಬೀರುವಿನಲ್ಲಿದೆ, ಪಾಸ್‌ವರ್ಡ್ ಪ್ಯಾನೆಲ್ ಕಟ್ಟಿಕೊಟ್ಟು ಹೋದವರ ಬಳಿಯಿದೆ, ಕೈಯಲ್ಲಿರುವ ಮೀಟರ್ ಡ್ರೈವಿಗೆ ತಕ್ಕದ್ದಲ್ಲ, ಮೇಲಿನಿಂದ ಬರುವ ಫೋನು ಕೇಳುವುದು ಒಂದೇ ಪ್ರಶ್ನೆ: ‘ಶುರು ಆಯ್ತಾ?’ ಯಾಕೆ ನಿಂತಿತು ಎಂದು ಯಾರೂ ಕೇಳದ ಕಡೆ ರಿಸೆಟ್ ಒತ್ತುವವನೇ ಜಾಣನಾಗುತ್ತಾನೆ. ಈ ರೂಢಿಯನ್ನು ಬೆಳೆಸಿದ್ದು ಆಡಳಿತ. ಅದನ್ನು ಮುರಿಯುವ ಹೊಣೆಯೂ ಆಡಳಿತದ್ದೇ.

ಆದ್ದರಿಂದ ಕಾರ್ಖಾನೆ ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟು. ಪ್ರತಿ ಡ್ರೈವಿನ ಪ್ಯಾರಾಮೀಟರುಗಳನ್ನೂ ಅದರ ಮೋಟರಿನ ನೇಮ್‌ಪ್ಲೇಟಿನ ಅಂಕಿಗಳನ್ನೂ ಬರೆದು ಪ್ಯಾನೆಲ್ಲಿನೊಳಗೆ ಇಡಿಸಿ. ಮೋಟರಿನಲ್ಲಿ ಥರ್ಮಿಸ್ಟರ್ ಇದ್ದರೆ ಜೋಡಿಸಿ, ಇಲ್ಲದಿದ್ದರೆ ಮುಂದಿನ ರಿವೈಂಡಿಂಗಿನಲ್ಲಿ ಹಾಕಿಸಿ. ಮೋಟರ್ ಬಿಸಿಯ ಟ್ರಿಪ್ಪಿಗೆ ಕೋಡು, ಕರೆಂಟು, ವೇಗ ಮೂರನ್ನೂ ಬರೆಯದೆ ರಿಸೆಟ್ ಒತ್ತಬಾರದೆಂದು ನಿಯಮ ಮಾಡಿ. ರಕ್ಷಣೆಯ ಮಿತಿ ಬದಲಿಸುವುದಾದರೆ ಕಾರಣ ಬರೆದು, ಜವಾಬ್ದಾರರು ಸಹಿ ಹಾಕಲಿ. ಸುಟ್ಟ ವೈಂಡಿಂಗಿನ ಫೋಟೊ ಇಲ್ಲದೆ ರಿವೈಂಡಿಂಗ್ ಬಿಲ್ ಪಾಸ್ ಮಾಡಬೇಡಿ. ಇವುಗಳಲ್ಲಿ ಯಾವುದಕ್ಕೂ ಒಂದು ಮೋಟರಿನ ಬೆಲೆ ತಗಲುವುದಿಲ್ಲ. ಇಷ್ಟನ್ನೂ ಮಾಡದೆ ‘ಡ್ರೈವ್ ಮೋಟರನ್ನು ಸುಡುತ್ತದೆ’ ಎಂದು ದೂರುವ ಹಕ್ಕು ಯಾರಿಗೂ ಇಲ್ಲ.